ಕ್ಯಾಚ್-22: ಒಂದು ನಿಯಮ, ಅದನ್ನು ಬರೆದ ಜೋಸೆಫ್ ಹೆಲ್ಲರ್

ಸಮ್ಮಿಶ್ರ ಸರ್ಕಾರ ಇಕ್ಕಟ್ಟಿಗೆ ಸಿಕ್ಕಾಗ, ಬಡ್ಡಿ ದರ ಏರಿಸಿದರೂ ಕಷ್ಟ ಇಳಿಸಿದರೂ ಕಷ್ಟ ಎಂಬ ಸ್ಥಿತಿ ಬಂದಾಗ ಪತ್ರಿಕೆಗಳಲ್ಲಿ ‘ಕ್ಯಾಚ್-22 ಪರಿಸ್ಥಿತಿ’ ಎಂಬ ಮಾತು ಕಾಣಿಸಿಕೊಳ್ಳುತ್ತದೆ. ಅತ್ತ ದರಿ, ಇತ್ತ ಪುಲಿ ಎನ್ನುವ ಅರ್ಥದಲ್ಲೇ ಅದನ್ನು ಬಳಸುವುದು ಹೆಚ್ಚು. ಆ ಅರ್ಥ ಅರ್ಧ ಮಾತ್ರ ಸರಿ. 1961ರಲ್ಲಿ ಈ ಮಾತನ್ನು ಹುಟ್ಟುಹಾಕಿದ ಅಮೆರಿಕದ ಕಾದಂಬರಿಕಾರ ಜೋಸೆಫ್ ಹೆಲ್ಲರ್‌ಗೆ ದರಿ ಮತ್ತು ಪುಲಿಗಿಂತ, ಆ ಜಾಗಕ್ಕೆ ಮನುಷ್ಯನನ್ನು ತಂದು ನಿಲ್ಲಿಸಿದವರು ಯಾರು ಎಂಬುದರ ಮೇಲೆ ಕಣ್ಣಿತ್ತು. ಅದು ತಿಳಿಯಬೇಕಾದರೆ ಕಾದಂಬರಿಯ ಜೊತೆಗೆ ಅವನು ಮಾಡಿದ ಕೆಲಸಗಳನ್ನೂ ನೋಡಬೇಕು.

## ಮೊದಲು ಆ ನಿಯಮ

ಕತೆ ನಡೆಯುವುದು ಎರಡನೇ ಮಹಾಯುದ್ಧದ ಕೊನೆಯ ಭಾಗದಲ್ಲಿ. ಇಟಲಿಯ ಎಲ್ಬಾ ದ್ವೀಪದ ದಕ್ಷಿಣಕ್ಕಿರುವ ಪಿಯಾನೋಸಾ ಎಂಬ ಸಣ್ಣ ದ್ವೀಪದಲ್ಲಿ ಅಮೆರಿಕದ ಬಾಂಬರ್ ವಿಮಾನಗಳ ಒಂದು ಸ್ಕ್ವಾಡ್ರನ್ ಬೀಡುಬಿಟ್ಟಿದೆ. ದ್ವೀಪವೇನೋ ನಿಜ. ಆದರೆ ಇಷ್ಟೆಲ್ಲ ನಡೆಯುವಷ್ಟು ಜಾಗ ಅಲ್ಲಿಲ್ಲ ಎಂದು ಹೆಲ್ಲರ್ ಪುಸ್ತಕದ ಶುರುವಿನಲ್ಲೇ ಒಪ್ಪಿಕೊಂಡುಬಿಡುತ್ತಾನೆ. ಕಥಾನಾಯಕ ಯೊಸೇರಿಯನ್ ಒಬ್ಬ ಬಾಂಬಾರ್ಡಿಯರ್, ಅಂದರೆ ವಿಮಾನದ ಮೂತಿಯಲ್ಲಿ ಕೂತು ಗುರಿ ನೋಡಿ ಬಾಂಬು ಬೀಳಿಸುವವನು. ಒಮ್ಮೆ ಹಾರಿಹೋಗಿ ದಾಳಿ ಮಾಡಿ ಬಂದರೆ ಅದು ಒಂದು ‘ಮಿಷನ್’. ಗೊತ್ತುಮಾಡಿದಷ್ಟು ಮಿಷನ್ ಮುಗಿಸಿದವರಿಗೆ ಊರಿಗೆ ಹೋಗಲು ಅವಕಾಶ ಉಂಟು.

ತೊಡಕು ಇರುವುದು ಆ ‘ಗೊತ್ತುಮಾಡಿದಷ್ಟು’ ಎಂಬುದರಲ್ಲಿ. ಹುಡುಗರು ಗುರಿ ಮುಟ್ಟುವ ಹೊತ್ತಿಗೆ ಕರ್ನಲ್ ಕ್ಯಾತ್‌ಕಾರ್ಟ್ ಸಂಖ್ಯೆಯನ್ನು ಏರಿಸುತ್ತಾನೆ. ಅವನಿಗೆ ಜನರಲ್ ಆಗಬೇಕು, ಮೇಲಿನವರ ಕಣ್ಣಿಗೆ ಬೀಳಬೇಕು. ಮೂವತ್ತರಿಂದ ಮೂವತ್ತೈದು, ನಲವತ್ತು ಎಂದು ಹತ್ತುತ್ತಾ ಆ ಸಂಖ್ಯೆ ಎಂಬತ್ತಕ್ಕೆ ಹೋಗಿ ನಿಲ್ಲುತ್ತದೆ.

ಸಾಯಲು ಮನಸ್ಸಿಲ್ಲದ ಯೊಸೇರಿಯನ್, ತನಗೆ ಹುಚ್ಚು ಹಿಡಿದಿದೆ, ಹಾರಾಟದಿಂದ ಬಿಡಿಸಿ ಎಂದು ಸ್ಕ್ವಾಡ್ರನ್ನಿನ ವೈದ್ಯ ಡನೀಕಾನ ಹತ್ತಿರ ಹೋಗುತ್ತಾನೆ. ವೈದ್ಯ ನಿಯಮ ಬಿಡಿಸಿ ಹೇಳುತ್ತಾನೆ. ಹುಚ್ಚು ಹಿಡಿದವನನ್ನು ಹಾರಾಟದಿಂದ ಬಿಡಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಹಾಗೆ ಬಿಡಬೇಕಾದರೆ ಹುಚ್ಚನೇ ಬಂದು ಬಾಯಿಬಿಟ್ಟು ಕೇಳಬೇಕು. ಪ್ರಾಣಭಯದಿಂದ ಹಾಗೆ ಕೇಳಿಕೊಂಡು ಬರುವವನ ಬುದ್ಧಿ ಮಾತ್ರ ನೆಟ್ಟಗೇ ಇರುತ್ತದೆ, ಆದ್ದರಿಂದ ಅವನನ್ನು ಬಿಡುವಂತಿಲ್ಲ. ಯೊಸೇರಿಯನ್‌ನ ಗುಡಾರದ ಜೊತೆಗಾರ ಓರ್ ನಿಜವಾಗಿ ಹುಚ್ಚ. ವಿಮಾನ ಬಿದ್ದು ಬಿದ್ದು ಎದ್ದು ಬಂದರೂ ಮತ್ತೆ ಹಾರುತ್ತಲೇ ಇರುತ್ತಾನೆ. ಅವನು ಕೇಳಿದರೆ ಬಿಡುಗಡೆ. ಆದರೆ ಕೇಳಿದ ಗಳಿಗೆಯಲ್ಲೇ ಅವನು ಹುಚ್ಚನಾಗಿ ಉಳಿಯುವುದಿಲ್ಲ. ಈ ಸಿಕ್ಕಿನ ನಿಯಮದ ಹೆಸರೇ ಕ್ಯಾಚ್-22.

‘ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು’ ಎಂಬ ನಮ್ಮ ಗಾದೆಯೂ ಹೀಗೇ ಸುತ್ತುತ್ತದೆ. ಆದರೆ ಗಾದೆಯಲ್ಲಿ ಆ ಸುತ್ತನ್ನು ಯಾರೂ ಬೇಕೆಂದು ಕಟ್ಟಿದ್ದಲ್ಲ, ಅದರಿಂದ ಯಾರ ಗಂಟೂ ಬೆಳೆಯುವುದಿಲ್ಲ. ಹೆಲ್ಲರ್‌ನ ಸುತ್ತಿಗೆ ಒಬ್ಬ ಯಜಮಾನನಿದ್ದಾನೆ. ಸುತ್ತು ಬಿಗಿಯಾದಷ್ಟೂ ಅವನಿಗೆ ಲಾಭ.

ಇಷ್ಟು ಐದನೇ ಅಧ್ಯಾಯದಲ್ಲಿದೆ, ಎಲ್ಲರೂ ಉದಾಹರಿಸುವುದೂ ಇದನ್ನೇ. ನಿಯಮ ಮುಂದೆ ಎರಡು ಸಲ ಬಣ್ಣ ಬದಲಿಸುವುದು ಅಷ್ಟಾಗಿ ಯಾರ ಬಾಯಲ್ಲೂ ಬರುವುದಿಲ್ಲ. ಮೇಲಿನ ಕೇಂದ್ರ ಕಚೇರಿಗೆ 40 ಮಿಷನ್ ಸಾಕು ಎಂದು ಯೊಸೇರಿಯನ್‌ಗೆ ಗೊತ್ತಾಗುತ್ತದೆ. ಅವನದು ಆಗಲೇ 48 ಮುಗಿದಿದೆ. ಹಾಗಾದರೆ ಊರಿಗೆ ಹೊರಡಬಹುದಲ್ಲ? ಆಗದು. 40 ಆದವರು ಊರಿಗೆ ಹೋಗಲೇಬೇಕೆಂದು ನಿಯಮ ಎಲ್ಲೂ ಹೇಳಿಲ್ಲ, ಮೇಲಧಿಕಾರಿಯ ಮಾತು ಕೇಳಲೇಬೇಕೆಂದು ಹೇಳಿದೆ. ಕರ್ನಲ್ ಕೇಂದ್ರ ಕಚೇರಿಯ ಆದೇಶವನ್ನೇ ಮೀರುತ್ತಿದ್ದರೂ ಕರ್ನಲ್‌ನ ಮಾತು ಮೀರಿದರೆ ತಪ್ಪು ಯೊಸೇರಿಯನ್‌ನದು.

ಮೂರನೆಯದು 39ನೇ ಅಧ್ಯಾಯದ ರೋಮ್‌ನಲ್ಲಿ. ಒಂದು ಮನೆಯಲ್ಲಿದ್ದ ಹುಡುಗಿಯರನ್ನೆಲ್ಲ ಮಿಲಿಟರಿ ಪೊಲೀಸರು ಬೀದಿಗೆ ಅಟ್ಟಿದ್ದಾರೆ. ಯಾವ ಅಧಿಕಾರದ ಮೇಲೆ ಎಂದು ಕೇಳಿದರೆ ಅಲ್ಲಿ ಉಳಿದ ಮುದುಕಿ ‘ಕ್ಯಾಚ್-22’ ಎನ್ನುತ್ತಾಳೆ. ನೀವು ತಡೆಯಲಾಗದ್ದನ್ನೆಲ್ಲ ಮಾಡುವ ಹಕ್ಕು ಅವರಿಗಿದೆಯಂತೆ. ಆ ಕಾಗದ ತೋರಿಸಿದರಾ ಎಂದರೆ, ತೋರಿಸಬೇಕಾಗಿಲ್ಲ ಎಂದು ಕಾನೂನಿದೆ. ಯಾವ ಕಾನೂನು? ಕ್ಯಾಚ್-22. ಅಂಥ ನಿಯಮವೇ ಇಲ್ಲವೆಂದು ಯೊಸೇರಿಯನ್‌ಗೆ ಅಲ್ಲಿ ಖಾತ್ರಿಯಾಗುತ್ತದೆ. ಇಲ್ಲದಿರುವುದೇ ಇನ್ನೂ ಕೆಟ್ಟದ್ದು. ಬರೆದಿಟ್ಟ ನಿಯಮವಾದರೆ ಗೇಲಿ ಮಾಡಬಹುದು, ತಿದ್ದಬಹುದು, ಕೋರ್ಟಿಗೆ ಒಯ್ಯಬಹುದು, ಹರಿದೆಸೆಯಬಹುದು. ಜನ ಇದೆ ಎಂದು ನಂಬಿರುವ, ಆದರೆ ಎಲ್ಲೂ ಇಲ್ಲದ ನಿಯಮವನ್ನು ಏನು ಮಾಡುವುದು?

## ಕೋನಿ ಐಲೆಂಡ್‌ನಿಂದ ಕಾರ್ಸಿಕಾಕ್ಕೆ

ಹೆಲ್ಲರ್ ಹುಟ್ಟಿದ್ದು 1923ರ ಮೇ 1ರಂದು, ನ್ಯೂಯಾರ್ಕ್‌ನ ಬ್ರೂಕ್ಲಿನ್ ಭಾಗದ ಕೋನಿ ಐಲೆಂಡ್‌ನಲ್ಲಿ. ಸಮುದ್ರ ದಂಡೆ, ಜಾತ್ರೆಯಂಥ ಆಟದ ಮೈದಾನಗಳು, ವಲಸೆ ಬಂದ ಬಡ ಯಹೂದಿ ಕುಟುಂಬಗಳು ತುಂಬಿದ್ದ ಜಾಗ. ತಂದೆ ಐಸಾಕ್ ರಷ್ಯಾದಿಂದ ಬಂದವನು, ಬೇಕರಿಯ ಗಾಡಿ ಓಡಿಸುತ್ತಿದ್ದ. ಜೋಸೆಫ್ ಚಿಕ್ಕವನಿದ್ದಾಗಲೇ ಹುಣ್ಣಿನ ಶಸ್ತ್ರಚಿಕಿತ್ಸೆಯ ನಂತರ ತೀರಿಕೊಂಡ. ತಾಯಿ ಲೀನಾ ಮನೆ ನಡೆಸಿದಳು. ಅಣ್ಣ ಲೀ, ಅಕ್ಕ ಸಿಲ್ವಿಯಾ ಇಬ್ಬರೂ ತಂದೆಯ ಮೊದಲ ಹೆಂಡತಿಯ ಮಕ್ಕಳು ಎಂಬುದು ಜೋಸೆಫ್‌ಗೆ ಗೊತ್ತಾದದ್ದು ಬೆಳೆದ ಮೇಲೆ. ಮನೆಯಲ್ಲಿ ಯಾರೂ ಅದನ್ನು ಎತ್ತಿಯೇ ಇರಲಿಲ್ಲ.

1941ರಲ್ಲಿ ಹೈಸ್ಕೂಲು ಮುಗಿಯಿತು. ತಂತಿ ತಲುಪಿಸುವ ಹುಡುಗನಾಗಿ, ವರ್ಜೀನಿಯಾದ ನೌಕಾ ಹಡಗುಕಟ್ಟೆಯಲ್ಲಿ ಕಮ್ಮಾರನ ಸಹಾಯಕನಾಗಿ ದುಡಿದ. ಅಪಘಾತ ವಿಮೆಯ ಕಂಪನಿಯೊಂದರಲ್ಲಿ ಕಡತ ಜೋಡಿಸುವ ಗುಮಾಸ್ತನೂ ಆಗಿದ್ದ. ಈ ಗುಮಾಸ್ತಿಕೆ ನೆನಪಿರಲಿ, ಮುಂದೆ ಬೇಕಾಗುತ್ತದೆ. 1942ರಲ್ಲಿ, 19ನೇ ವಯಸ್ಸಿಗೆ ಸೇನೆಯ ವಾಯುದಳ ಸೇರಿದ. 1944ರ ಮೇ ತಿಂಗಳಲ್ಲಿ ಅವನನ್ನು ಮೆಡಿಟರೇನಿಯನ್ ಸಮುದ್ರದ ಕಾರ್ಸಿಕಾ ದ್ವೀಪಕ್ಕೆ ಕಳಿಸಿದರು. ಅಲ್ಲಿ 340ನೇ ಬಾಂಬ್ ಗ್ರೂಪಿನ 488ನೇ ಸ್ಕ್ವಾಡ್ರನ್‌ನಲ್ಲಿ ಬಾಂಬಾರ್ಡಿಯರ್ ಆಗಿ 60 ಮಿಷನ್ ಹಾರಿದ.

ಅವನು ಹಾರಿದ ಬಿ-25 ಎರಡು ಎಂಜಿನ್ನಿನ ಮಧ್ಯಮ ಗಾತ್ರದ ಬಾಂಬರ್. ಬಾಂಬಾರ್ಡಿಯರ್ ಕೂರುವ ಮೂತಿ ಪಾರದರ್ಶಕ, ಸುತ್ತಲೂ ಕೆಳಗೂ ಬರೀ ಆಕಾಶ. ಅಲ್ಲಿಗೆ ಹೋಗಲು ಪೈಲಟ್‌ಗಳ ಕೆಳಗಿನ ಇಕ್ಕಟ್ಟಾದ ಸುರಂಗದಲ್ಲಿ ತೆವಳಬೇಕು. ಪ್ಯಾರಾಚೂಟ್ ಕಟ್ಟಿಕೊಂಡು ಅದರಲ್ಲಿ ನುಸುಳಲಾಗದು, ಹಿಂದೆಯೇ ಬಿಟ್ಟು ಹೋಗಬೇಕು. ಗುರಿ ಹತ್ತಿರವಾದಾಗ ವಿಮಾನ ಅಲುಗಾಡದೆ ಒಂದೇ ಎತ್ತರ, ಒಂದೇ ದಿಕ್ಕು ಹಿಡಿದು ಸಾಗದಿದ್ದರೆ ಬಾಂಬು ಗುರಿ ತಪ್ಪುತ್ತದೆ. ಕೆಳಗಿನ ವಿಮಾನ ನಿರೋಧಕ ತೋಪುಗಳಿಗೂ ಬೇಕಾದದ್ದು ಅದೇ ನೇರ ಹಾದಿ. ಬಾಂಬು ಬಿದ್ದ ಮರುಕ್ಷಣ ಎಡಕ್ಕೋ ಬಲಕ್ಕೋ ತಿರುಗಿ ತಪ್ಪಿಸಿಕೊಳ್ಳುವುದು ವಾಡಿಕೆ. ಗುರಿಗಿಂತ ಈ ತಪ್ಪಿಸಿಕೊಳ್ಳುವುದರಲ್ಲೇ ಯೊಸೇರಿಯನ್‌ಗೆ ಆಸಕ್ತಿ ಹೆಚ್ಚು.

ಮೊದಮೊದಲು ಇದೆಲ್ಲ ಹೆಲ್ಲರ್‌ಗೆ ಸಾಹಸದ ಹಾಗೆ ಇತ್ತು. ಅದು ಬದಲಾದದ್ದು 1944ರ ಆಗಸ್ಟ್ 15ರಂದು, ದಕ್ಷಿಣ ಫ್ರಾನ್ಸ್‌ನ ಅವಿನ್ಯೋನ್ ಮೇಲೆ. ಅದು ಅವನ 37ನೇ ಮಿಷನ್. ಸಹಪೈಲಟ್ ಗಾಬರಿಗೆ ಬಿದ್ದು ನಿಯಂತ್ರಣ ಕಿತ್ತುಕೊಂಡ, ವಿಮಾನ ತಲೆಕೆಳಗಾಗಿ ಇಳಿಯತೊಡಗಿತು. ಮೂತಿಯಲ್ಲಿದ್ದ ಹೆಲ್ಲರ್‌ನ ತಲೆ ಛಾವಣಿಗೆ ಅಂಟಿತು, ಇಯರ್‌ಫೋನಿನ ತಂತಿ ಕಳಚಿ ಏನೂ ಕೇಳಿಸದಾಯಿತು. ತಂತಿ ಮತ್ತೆ ಸಿಕ್ಕಿಸಿಕೊಂಡಾಗ ಬಾಂಬಾರ್ಡಿಯರ್‌ಗೆ ಸಹಾಯ ಮಾಡಿ ಎಂದು ಯಾರೋ ಅಳುತ್ತಿದ್ದ. ಬಾಂಬಾರ್ಡಿಯರ್ ತಾನೇ, ತನಗೇನೂ ಆಗಿಲ್ಲ ಎಂದು ಹೆಲ್ಲರ್ ಹೇಳಿದ. ಗಾಯವಾಗಿದ್ದದ್ದು ಹಿಂದಿದ್ದ ಗನ್ನರ್‌ಗೆ, ತೊಡೆ ಸೀಳಿತ್ತು. ಹೆಲ್ಲರ್ ಪಟ್ಟಿ ಕಟ್ಟಿದ, ಆ ಗನ್ನರ್ ಬದುಕಿ ಉಳಿದ.

ಕಾದಂಬರಿಯಲ್ಲಿ ಇದೇ ಗನ್ನರ್ ಸ್ನೋಡನ್ ಆಗುತ್ತಾನೆ, ಸಾಯುತ್ತಾನೆ. ಯೊಸೇರಿಯನ್ ತೊಡೆಯ ಗಾಯಕ್ಕೆ ಚೆನ್ನಾಗಿ ಪಟ್ಟಿ ಕಟ್ಟಿ ನೆಮ್ಮದಿಯಾಗುತ್ತಾನೆ. ಕವಚದ ಒಳಗೆ ಇನ್ನೊಂದು ಗಾಯ ಇರುವುದು ಅವನಿಗೆ ತಡವಾಗಿ ಕಾಣಿಸುತ್ತದೆ. ಹೆಲ್ಲರ್ ತನ್ನ ಅನುಭವಕ್ಕೆ ಸೇರಿಸಿದ್ದು ಈ ಎರಡನೇ ಗಾಯವೊಂದನ್ನು. ಇಡೀ ಕಾದಂಬರಿ ಅದರ ಸುತ್ತ ತಿರುಗುತ್ತದೆ.

ಉಳಿದ ಮಿಷನ್‌ಗಳನ್ನು ಅವನು ಭಯದಲ್ಲೇ ಮುಗಿಸಿದ. ಊರಿಗೆ ಮರಳುವಾಗ ಹಡಗು ಹತ್ತಿದ, ಬಹುಕಾಲ ವಿಮಾನದ ತಂಟೆಗೇ ಹೋಗಲಿಲ್ಲ.

## ಹಗಲು ಜಾಹೀರಾತು, ಸಂಜೆ ಕಾದಂಬರಿ

ಯುದ್ಧದಿಂದ ಮರಳಿದವರ ಓದಿಗೆ ಸರ್ಕಾರ ಹಣ ಕೊಡುತ್ತಿತ್ತು. 1945ರಲ್ಲಿ ಶರ್ಲಿ ಹೆಲ್ಡ್ ಎಂಬಾಕೆಯನ್ನು ಮದುವೆಯಾದ ಹೆಲ್ಲರ್ ಆ ನೆರವಿನಿಂದ 1948ರಲ್ಲಿ ನ್ಯೂಯಾರ್ಕ್ ವಿಶ್ವವಿದ್ಯಾಲಯದ ಬಿ.ಎ., ಮರುವರ್ಷ ಕೊಲಂಬಿಯಾದಲ್ಲಿ ಎಂ.ಎ. ಮುಗಿಸಿದ. ಫುಲ್‌ಬ್ರೈಟ್ ವಿದ್ಯಾರ್ಥಿವೇತನದ ಮೇಲೆ ಒಂದು ವರ್ಷ ಆಕ್ಸ್‌ಫರ್ಡ್‌ನಲ್ಲಿದ್ದ, ಎರಡು ವರ್ಷ ಪೆನ್ಸಿಲ್ವೇನಿಯಾದಲ್ಲಿ ಪಾಠ ಹೇಳಿದ. ಅದು ಒಗ್ಗದೆ 1952ರಲ್ಲಿ ನ್ಯೂಯಾರ್ಕ್‌ಗೆ ಬಂದು ‘ಟೈಮ್’, ‘ಲುಕ್’, ‘ಮೆಕಾಲ್ಸ್’ ಪತ್ರಿಕೆಗಳ ಜಾಹೀರಾತು ಮತ್ತು ಪ್ರಚಾರ ವಿಭಾಗಗಳಲ್ಲಿ ಒಂದಾದ ಮೇಲೊಂದರಂತೆ ದುಡಿದ.

ಕಾದಂಬರಿ ಹುಟ್ಟಿದ್ದು ಇಲ್ಲಿ, 1953ರಲ್ಲಿ. ಒಬ್ಬನಿಗೆ ಪಾದ್ರಿಯನ್ನು ಕಂಡೊಡನೆ ಪ್ರೇಮವಾಯಿತು ಎಂಬರ್ಥದ ಮೊದಲ ಸಾಲು ಥಟ್ಟನೆ ಹೊಳೆಯಿತು. ಆ ‘ಒಬ್ಬ’ನಿಗೆ ಇನ್ನೂ ಹೆಸರಿರಲಿಲ್ಲ, ಪಾದ್ರಿ ಸೇನೆಯವನೋ ಜೈಲಿನವನೋ ಎಂಬುದೂ ಗೊತ್ತಿರಲಿಲ್ಲ. ಮೊದಲ ಅಧ್ಯಾಯ ಒಂದು ವಾರದಲ್ಲಿ ಮುಗಿಯಿತು. ಉಳಿದದ್ದಕ್ಕೆ ಏಳೆಂಟು ವರ್ಷ ಹಿಡಿಯಿತು. ಕಚೇರಿ ಬಿಟ್ಟು ಬಂದ ಮೇಲೆ ಸಂಜೆ ಒಂದೆರಡು ತಾಸು ಬರೆಯುತ್ತಿದ್ದ. ಹಗಲು ಹೊಳೆದದ್ದನ್ನು ಅಂಗೈಯಗಲದ ಸೂಚಿಕಾರ್ಡುಗಳಲ್ಲಿ ಗುರುತು ಹಾಕಿಕೊಳ್ಳುತ್ತಿದ್ದ. ಯಾವ ಪಾತ್ರ ಯಾವ ಹೊತ್ತಿನಲ್ಲಿ ಎಲ್ಲಿದೆ ಎಂದು ತಪ್ಪದಿರಲು ದೊಡ್ಡ ಹಾಳೆಯ ಮೇಲೆ ಚೌಕಗಳನ್ನು ಗೀಚಿ ಒಂದು ಪಟ್ಟಿ ಮಾಡಿಕೊಂಡಿದ್ದ: ಒಂದು ಕಡೆ ಪಾತ್ರಗಳು, ಇನ್ನೊಂದು ಕಡೆ ಘಟನೆಗಳು. ಓದುವಾಗ ಚೆಲ್ಲಾಪಿಲ್ಲಿ ಎನಿಸುವ ಪುಸ್ತಕ ಬರೆಯುವಾಗ ಲೆಕ್ಕದ ಪುಸ್ತಕದಷ್ಟು ಕಟ್ಟುನಿಟ್ಟಾಗಿತ್ತು.

ತನಗೆ ಸೇನೆಯಲ್ಲಿ ಕೆಟ್ಟ ಅಧಿಕಾರಿಗಳು ಸಿಕ್ಕಿರಲಿಲ್ಲ ಎಂದು ಹೆಲ್ಲರ್ ಹೇಳಿದ್ದಾನೆ. ಹಾಗಾದರೆ ಕ್ಯಾತ್‌ಕಾರ್ಟ್‌ನಂಥವರು ಎಲ್ಲಿಂದ ಬಂದರು? ಕಾದಂಬರಿಯಲ್ಲಿ 1944ಕ್ಕೆ ಹೊಂದದ ವಸ್ತುಗಳನ್ನು ಹುಡುಕಿದರೆ ಉತ್ತರ ಸಿಗುತ್ತದೆ.

ಮೇಜರ್ ಮೇಜರ್ ಎಂಬ ಪಾತ್ರವಿದೆ. ಮೇಜರ್ ಅವನ ಹೆಸರೂ ಹೌದು, ಮನೆತನದ ಹೆಸರೂ ಹೌದು. ಐಬಿಎಂ ಯಂತ್ರವೊಂದು ಅವನಿಗೆ ಮೇಜರ್ ಪದವಿಯನ್ನೂ ಕೊಟ್ಟುಬಿಡುತ್ತದೆ. ಯಾರಾದರೂ ಅವನನ್ನು ಕಾಣಬೇಕಾದರೆ ಅವನು ಕಚೇರಿಯಲ್ಲಿ ಇಲ್ಲದಾಗ ಮಾತ್ರ ಒಳಗೆ ಬಿಡಬೇಕೆಂದು ಅವನ ಆಜ್ಞೆ. ಅವನ ಅಪ್ಪ ರೈತ. ಕುದುರೆಮಸಾಲೆ ಸೊಪ್ಪು ಬೆಳೆಯದೆ ಇರುವುದಕ್ಕೆ ಸರ್ಕಾರದಿಂದ ಹಣ ಪಡೆಯುತ್ತಾನೆ, ಆ ಹಣದಲ್ಲಿ ಇನ್ನಷ್ಟು ಹೊಲ ಕೊಂಡು ಅಲ್ಲೂ ಸೊಪ್ಪು ಬೆಳೆಯುವುದಿಲ್ಲ. ಕ್ಯಾಪ್ಟನ್ ಬ್ಲ್ಯಾಕ್ ‘ನಿಷ್ಠೆಯ ಪ್ರಮಾಣಪತ್ರ’ದ ಅಭಿಯಾನ ನಡೆಸುತ್ತಾನೆ. ನಕ್ಷೆ ಬೇಕಾದರೂ ಸಹಿ, ಸಂಬಳಕ್ಕೂ ಸಹಿ, ಊಟದ ಮೇಜಿನ ಉಪ್ಪಿಗೂ ಸಹಿ. ಮೇಜರ್ ಮೇಜರ್‌ಗೆ ಮಾತ್ರ ಸಹಿ ಹಾಕಲು ಬಿಡುವುದಿಲ್ಲ. ಸಹಿ ಹಾಕದವನೆಂದು ಅವನ ಮೇಲೆ ಆಮೇಲೆ ಆರೋಪ ಹೊರಿಸಬೇಕಲ್ಲ! ಹಿರಿಯ ಅಧಿಕಾರಿಯೊಬ್ಬ ಸಾಲು ದಾಟಿ ಬಂದು ಊಟ ಕೊಡಿ, ಎಲ್ಲರಿಗೂ ಕೊಡಿ ಎಂದು ಗುಡುಗಿದಾಗ ಆ ಅಭಿಯಾನ ಅಲ್ಲೇ ಕುಸಿಯುತ್ತದೆ.

ಇವು ಹೆಚ್ಚಾಗಿ ಯುದ್ಧದ ನಂತರದ ಅಮೆರಿಕದ ಸಂಗತಿಗಳು. ಸರ್ಕಾರಿ ನೌಕರರ ನಿಷ್ಠೆ ತಪಾಸಣೆಯ ಆದೇಶವನ್ನು ಅಧ್ಯಕ್ಷ ಟ್ರೂಮನ್ ಹೊರಡಿಸಿದ್ದು 1947ರಲ್ಲಿ. ಸೆನೆಟರ್ ಜೋಸೆಫ್ ಮೆಕಾರ್ಥಿ ಕಮ್ಯುನಿಸ್ಟರ ಬೇಟೆಗೆ ಇಳಿದದ್ದು 1950ರಲ್ಲಿ. ಹೆಲ್ಲರ್ ಅವನ್ನು ಗೊತ್ತಿದ್ದೇ ಹಿಂದಕ್ಕೆ ತಳ್ಳಿ 1944ರ ದ್ವೀಪದಲ್ಲಿಟ್ಟ. ಈ ಲೇಖನದ ಮಟ್ಟಿಗೆ ಮುಖ್ಯವಾದ ಮಾತು ಇದೇ: ಕಾದಂಬರಿಯ ವಿಮಾನ, ರಕ್ತ, ಭಯ ಕಾರ್ಸಿಕಾದವು, ಅದರ ಕಾರ್ಯವೈಖರಿ ಮ್ಯಾನ್‌ಹಟನ್‌ನ ಕಚೇರಿಗಳದ್ದು. ಕರ್ನಲ್ ಬಾಯಲ್ಲಿ ಬರುವ ಮಾತನ್ನು ಮಾರಾಟ ವಿಭಾಗದ ವ್ಯವಸ್ಥಾಪಕನ ಬಾಯಿಗೆ ಹಾಕಿ ನೋಡಿ, ಒಂದಕ್ಷರ ಬದಲಿಸಬೇಕಾಗುವುದಿಲ್ಲ.

## ಮೊಟ್ಟೆಯ ಲೆಕ್ಕ

ಸ್ಕ್ವಾಡ್ರನ್ನಿನ ಮೆಸ್ ಅಧಿಕಾರಿ ಮೈಲೋ ಮೈಂಡರ್‌ಬೈಂಡರ್ ಮಾಲ್ಟಾದಲ್ಲಿ ಒಂದಕ್ಕೆ 7 ಸೆಂಟಿನಂತೆ ಮೊಟ್ಟೆ ಕೊಂಡು ಮೆಸ್‌ಗಳಿಗೆ 5 ಸೆಂಟಿಗೆ ಮಾರುತ್ತಾನೆ, ಆದರೂ ಲಾಭ ಮಾಡುತ್ತಾನೆ. ಬಹಳ ಓದುಗರು ಇದನ್ನು ಬರೀ ತಮಾಷೆ ಎಂದು ದಾಟಿಬಿಡುತ್ತಾರೆ. ಲೆಕ್ಕ ಹಾಕಿದರೆ ಸರಿಯಾಗಿಯೇ ಇದೆ.

ಮೊಟ್ಟೆ ಮೊದಲಿಗೆ ಬರುವುದು ಸಿಸಿಲಿಯಿಂದ, ಕೋಳಿಯ ಬುಡದಲ್ಲಿ ಒಂದಕ್ಕೆ 1 ಸೆಂಟ್. ಮೈಲೋ ಅದನ್ನು ಗುಟ್ಟಾಗಿ ಮಾಲ್ಟಾಕ್ಕೆ ಸಾಗಿಸಿ ಅಲ್ಲಿ ಬೆಲೆ 7 ಸೆಂಟ್ ಆಗುವಂತೆ ನೋಡಿಕೊಳ್ಳುತ್ತಾನೆ. ಮಾಲ್ಟಾದಲ್ಲಿ ಮಾರುವವನೂ ಅವನೇ, ಕೊಳ್ಳುವವನೂ ಅವನೇ. ಅಲ್ಲಿನ 7 ಸೆಂಟ್ ಅವನ ಒಂದು ಜೇಬಿನಿಂದ ಇನ್ನೊಂದು ಜೇಬಿಗೆ ಹೋಗುತ್ತದೆ ಅಷ್ಟೆ. ನಡುವಿನ ಹಂತಗಳನ್ನು ಹೊಡೆದುಹಾಕಿದರೆ ಅಸಲು 1, ಬಂದದ್ದು 5, ಲಾಭ 4 ಸೆಂಟ್. ಮೆಸ್‌ನವರಿಗೋ, 7ರ ಮೊಟ್ಟೆ 5ಕ್ಕೆ ಸಿಕ್ಕಿತೆಂಬ ಸಂತೋಷ. ತಮ್ಮ ನಡುವೆಯೇ ಬಿಲ್ಲು ಹರಿದು ಸರಕಿನ ಬೆಲೆ ಏರಿಸಿಕೊಳ್ಳುವ ಅಂಗಸಂಸ್ಥೆಗಳ ಸುದ್ದಿ ಓದಿದವರಿಗೆ ಇದು ಹೊಸದಲ್ಲ.

ಲಾಭ ತನ್ನದಲ್ಲ, ಸಿಂಡಿಕೇಟಿನದು, ಅಂದರೆ ತಾನು ಕಟ್ಟಿದ ವ್ಯಾಪಾರ ಕೂಟದ್ದು, ಅದರಲ್ಲಿ ಎಲ್ಲರಿಗೂ ಪಾಲಿದೆ ಎಂಬುದು ಮೈಲೋನ ಮಂತ್ರ. ಅದೇ ಮಂತ್ರದ ಬಲದ ಮೇಲೆ ಅವನು ಇಟಲಿಯ ಓರ್ವಿಯೇಟೋ ಸೇತುವೆಯ ಗುತ್ತಿಗೆ ಹಿಡಿಯುತ್ತಾನೆ. ಸೇತುವೆಗೆ ಬಾಂಬು ಹಾಕಲು ಅಮೆರಿಕನ್ನರಿಂದ ಖರ್ಚಿನ ಮೇಲೆ ಶೇ 6, ಅದೇ ಸೇತುವೆ ಕಾಯಲು ಜರ್ಮನ್ನರಿಂದ ಖರ್ಚಿನ ಮೇಲೆ ಶೇ 6, ಜೊತೆಗೆ ಹೊಡೆದುರುಳಿಸಿದ ಪ್ರತಿ ಅಮೆರಿಕನ್ ವಿಮಾನಕ್ಕೆ 1000 ಡಾಲರ್ ಇನಾಮು. ವಿಮಾನಗಳು ಅಲ್ಲಿದ್ದವು, ತೋಪುಗಳೂ ಅಲ್ಲಿದ್ದವು, ತಾನು ಮಾಡಿದ್ದು ಎರಡು ಸಹಿ ಮಾತ್ರ ಎಂಬುದು ಅವನ ಸಮರ್ಥನೆ. ಈಜಿಪ್ಟಿನ ಹತ್ತಿ ಬೆಳೆಯನ್ನೆಲ್ಲ ಕೊಂಡು ಕೈ ಸುಟ್ಟುಕೊಂಡಾಗಂತೂ ಜರ್ಮನ್ನರ ಗುತ್ತಿಗೆಯ ಮೇಲೆ ತನ್ನದೇ ಸ್ಕ್ವಾಡ್ರನ್ನಿಗೆ ಬಾಂಬು ಹಾಕಿಸುತ್ತಾನೆ. ಜನ ಕೆರಳುತ್ತಾರೆ. ಅವನು ಲೆಕ್ಕದ ಪುಸ್ತಕ ತೆರೆದು ಬಂದ ಲಾಭ ತೋರಿಸಿದ ಮೇಲೆ ತಣ್ಣಗಾಗುತ್ತಾರೆ. ಕಾದಂಬರಿ ಪ್ರಕಟವಾದ ವರ್ಷವೇ, 1961ರ ಜನವರಿಯಲ್ಲಿ, ಅಧ್ಯಕ್ಷ ಐಸೆನ್‌ಹೋವರ್ ತಮ್ಮ ವಿದಾಯ ಭಾಷಣದಲ್ಲಿ ಸೇನೆ ಮತ್ತು ಶಸ್ತ್ರೋದ್ಯಮದ ಕೂಟದ ಬಗ್ಗೆ ಎಚ್ಚರಿಸಿದ್ದರು.

ಆ ಓರ್ವಿಯೇಟೋ ದಾಳಿಯಲ್ಲಿ ಸತ್ತವನು ಮಡ್. ಸ್ಕ್ವಾಡ್ರನ್ನಿಗೆ ಬಂದವನು ಗುಡಾರದಲ್ಲಿ ಚೀಲ ಇಟ್ಟು, ದಫ್ತರಿನಲ್ಲಿ ಹೆಸರು ಬರೆಸುವ ಮುಂಚೆಯೇ ಹಾರಿಹೋಗಿ ಸತ್ತ. ಕಾಗದದ ಪ್ರಕಾರ ಅವನು ಬಂದೇ ಇಲ್ಲ. ಬಾರದವನ ಚೀಲ ಸಾಗಿಸುವುದು ಹೇಗೆ? ಅದು ಯೊಸೇರಿಯನ್‌ನ ಗುಡಾರದಲ್ಲೇ ಕೊಳೆಯುತ್ತದೆ. ವೈದ್ಯ ಡನೀಕಾನ ಗತಿ ಇದರ ತಿರುಗುಮುರುಗು. ಹಾರಾಟದ ಭತ್ಯೆಗಾಗಿ ತಾನು ಹತ್ತದ ವಿಮಾನಗಳ ಪಟ್ಟಿಯಲ್ಲಿ ಹೆಸರು ಬರೆಸುತ್ತಿದ್ದ. ಅಂಥದೊಂದು ವಿಮಾನ ಬಿದ್ದಾಗ ಅವನು ನೆಲದ ಮೇಲೆ ಎಲ್ಲರ ಎದುರಿಗೇ ನಿಂತಿದ್ದರೂ ಸತ್ತವರ ಪಟ್ಟಿಗೆ ಸೇರುತ್ತಾನೆ. ಊಟ ನಿಲ್ಲುತ್ತದೆ, ಸಂಬಳ ನಿಲ್ಲುತ್ತದೆ. ಊರಿನಲ್ಲಿ ಹೆಂಡತಿಗೆ ವಿಮೆಯ ಹಣ ಕೈಸೇರಿ, ಅವಳು ವಿಳಾಸ ಬಿಡದೆ ಬೇರೆ ಊರಿಗೆ ಹೋಗಿಬಿಡುತ್ತಾಳೆ. ಸತ್ತವರ, ಗಾಯಾಳುಗಳ ಕಡತ ಜೋಡಿಸಿದ ಗುಮಾಸ್ತನಿಗೆ ಕಾಗದದ ಈ ಬಲ ಹತ್ತೊಂಬತ್ತು ತುಂಬುವ ಮೊದಲೇ ಗೊತ್ತಿತ್ತು.

## 18 ಹೋಗಿ 22 ಬಂದದ್ದು

ಮೊದಲ ಅಧ್ಯಾಯ 1955ರಲ್ಲಿ ‘ನ್ಯೂ ವರ್ಲ್ಡ್ ರೈಟಿಂಗ್’ ಸಂಕಲನದಲ್ಲಿ ಬಂತು, ‘ಕ್ಯಾಚ್-18’ ಎಂಬ ಹೆಸರಿನಲ್ಲಿ. ಸಾಹಿತ್ಯ ಏಜೆಂಟ್ ಕ್ಯಾಂಡಿಡಾ ಡೊನಾಡಿಯೋ ಹಸ್ತಪ್ರತಿಯ ಭಾಗವನ್ನು ಸೈಮನ್ ಅಂಡ್ ಶುಸ್ಟರ್ ಪ್ರಕಾಶನಕ್ಕೆ ಕಳಿಸಿದಳು. ಅಲ್ಲಿನ ಸಂಪಾದಕ ರಾಬರ್ಟ್ ಗಾಟ್ಲೀಬ್‌ಗೆ ಆಗ 26 ವರ್ಷ. ಒಪ್ಪಂದ 1500 ಡಾಲರ್‌ಗೆ ಆಯಿತು: ಅರ್ಧ ಮುಂಗಡ, ಅರ್ಧ ಪುಸ್ತಕ ಮುಗಿದ ಮೇಲೆ.

ಅಚ್ಚಿಗೆ ಹೋಗುವ ಹೊತ್ತಿಗೆ ಲಿಯಾನ್ ಯೂರಿಸ್‌ನ ‘ಮಿಲಾ 18’ ಎಂಬ ಕಾದಂಬರಿ ಬರುತ್ತಿದೆ ಎಂಬ ಸುದ್ದಿ ಸಿಕ್ಕಿತು. ಯೂರಿಸ್ ಆಗಲೇ ಜನಪ್ರಿಯ, ಹೆಲ್ಲರ್ ಹೆಸರು ಯಾರಿಗೂ ಗೊತ್ತಿಲ್ಲ, ಹಾಗಾಗಿ ಹಿಂದೆ ಸರಿಯಬೇಕಾದವನು ಇವನೇ. 11 ಎಂದರೆ ಹಿಂದಿನ ವರ್ಷದ ‘ಓಷನ್ಸ್ 11’ ಸಿನಿಮಾ ಅಡ್ಡ ಬಂತು. 14ರಲ್ಲಿ ನಗು ಬರಲಿಲ್ಲ. ಕೊನೆಗೆ 22ಕ್ಕೆ ಬಂದು ನಿಂತರು. ಕಾದಂಬರಿಯಲ್ಲಿ ಎಷ್ಟೋ ಸಂಗತಿಗಳು ಎರಡೆರಡು ಸಲ ನಡೆಯುತ್ತವೆ, ಎರಡು ಎರಡುಗಳ ಆ ಸಂಖ್ಯೆ ತಾನಾಗಿ ಒಪ್ಪಿತು. ‘ಕ್ಯಾಚ್-18 ಪರಿಸ್ಥಿತಿ’ ಎಂದು ಈಗ ಹೇಳಿ ನೋಡಿದರೆ ನಾಲಗೆಯೇ ಬೇಡ ಎನ್ನುತ್ತದೆ.

1961ರ ಅಕ್ಟೋಬರ್‌ನಲ್ಲಿ ಪುಸ್ತಕ ಹೊರಬಂತು. ನ್ಯೂಯಾರ್ಕ್ ಟೈಮ್ಸ್‌ನ ದೈನಿಕ ವಿಮರ್ಶೆ ಹೊಗಳಿದರೆ, ಅದೇ ಪತ್ರಿಕೆಯ ಭಾನುವಾರದ ಪುಸ್ತಕ ಪುರವಣಿ ಇದರಲ್ಲಿ ಕಸುಬುಗಾರಿಕೆ ಸಾಲದು ಎಂದಿತು. ನ್ಯಾಷನಲ್ ಬುಕ್ ಅವಾರ್ಡ್‌ನ ಅಂತಿಮ ಪಟ್ಟಿಗೆ ಬಂದರೂ ಪ್ರಶಸ್ತಿ ಬೇರೆಯವರ ಪಾಲಾಯಿತು. ಗಟ್ಟಿ ರಟ್ಟಿನ ಮೊದಲ ಆವೃತ್ತಿ ಅಮೆರಿಕದಲ್ಲಿ ದೊಡ್ಡ ಮಾರಾಟವನ್ನೇನೂ ಕಾಣಲಿಲ್ಲ. ಬ್ರಿಟನ್ನಿನಲ್ಲಿ ಮಾತ್ರ 1962ರಲ್ಲಿ ಬಂದ ಕೂಡಲೇ ಮಾರಾಟದ ಪಟ್ಟಿಯ ತುದಿಗೇರಿತು. ಅದೇ ವರ್ಷ ಅಮೆರಿಕದಲ್ಲಿ ಅಗ್ಗದ ಪೇಪರ್‌ಬ್ಯಾಕ್ ಬಂದು ಕಾಲೇಜುಗಳ ಒಳಗೆ ಹೊಕ್ಕಿತು.

ಉಳಿದದ್ದನ್ನು ಮಾಡಿದ್ದು ವಿಯೆಟ್ನಾಂ. 1965ರಿಂದ ಅಮೆರಿಕ ನೆಲದ ಸೈನ್ಯ ಇಳಿಸಿತು, ಹುಡುಗರಿಗೆ ಬರುವ ಕಡ್ಡಾಯ ಸೇನಾ ಕರೆ ಹೆಚ್ಚಾಯಿತು. ಹಿಟ್ಲರನ ವಿರುದ್ಧದ ಯುದ್ಧದ ಬಗ್ಗೆ ಬರೆದ ಕಾದಂಬರಿಯನ್ನು ಆ ಹುಡುಗರು ತಮ್ಮ ಯುದ್ಧದ ಕಾದಂಬರಿಯಾಗಿ ಓದಿದರು. ಯೊಸೇರಿಯನ್ ಇನ್ನೂ ಬದುಕಿದ್ದಾನೆ ಎಂಬ ಸ್ಟಿಕರುಗಳು ಕಾರುಗಳ ಮೇಲೆ ಬಂದವು. ಮೈಕ್ ನಿಕೋಲ್ಸ್ ನಿರ್ದೇಶನದ ಸಿನಿಮಾ 1970ರಲ್ಲಿ, ಕಿರುಸರಣಿ 2019ರಲ್ಲಿ ಬಂತು. ತಮಾಷೆ ಎಂದರೆ, 1986ರಲ್ಲಿ ಪುಸ್ತಕಕ್ಕೆ 25 ತುಂಬಿದಾಗ ಅದರ ಮೇಲೆ ವಿಚಾರ ಸಂಕಿರಣ ನಡೆಸಿ ಹೆಲ್ಲರ್‌ನನ್ನು ಕರೆಸಿದ್ದು ಅಮೆರಿಕದ ವಾಯುಪಡೆಯ ಅಕಾಡೆಮಿಯೇ.

## ಎರಡನೇ ಕಾದಂಬರಿಗೆ 13 ವರ್ಷ

ನಡುವೆ ಹೆಲ್ಲರ್ ಸಿನಿಮಾ ಚಿತ್ರಕಥೆಗೆ ಕೈಹಾಕಿದ, ‘ವಿ ಬಾಂಬ್ಡ್ ಇನ್ ನ್ಯೂ ಹೇವನ್’ ನಾಟಕ ಬರೆದ, ಯುದ್ಧ ವಿರೋಧಿ ಭಾಷಣ ಮಾಡಿದ, ನ್ಯೂಯಾರ್ಕ್‌ನ ಸಿಟಿ ಕಾಲೇಜಿನಲ್ಲಿ ಬರವಣಿಗೆ ಕಲಿಸಿದ. ‘ಸಮ್‌ಥಿಂಗ್ ಹ್ಯಾಪನ್ಡ್’ ಬಂದದ್ದು 1974ರಲ್ಲಿ.

ಇದರಲ್ಲಿ ಯುದ್ಧವಿಲ್ಲ, ಬಾಂಬಿಲ್ಲ. ಬಾಬ್ ಸ್ಲೋಕಮ್ ಎಂಬ ಮಧ್ಯಮ ದರ್ಜೆಯ ಅಧಿಕಾರಿ ತನ್ನ ಕಚೇರಿ ಮತ್ತು ಸಂಸಾರದ ಬಗ್ಗೆ ಒಬ್ಬನೇ ಮಾತಾಡುತ್ತಾ ಹೋಗುತ್ತಾನೆ. ಕಚೇರಿಯ ಭಯಕ್ಕೆ ಅವನು ಕೊಡುವ ಲೆಕ್ಕ ಪ್ರಸಿದ್ಧ. ಅವನಿಗೆ ಐವರ ಭಯ. ಆ ಐವರಲ್ಲಿ ಒಬ್ಬೊಬ್ಬರಿಗೂ ನಾಲ್ವರ ಭಯ, ಅಲ್ಲಿಗೆ 20. ಆ 20 ಜನರಲ್ಲಿ ಒಬ್ಬೊಬ್ಬರಿಗೂ ಆರು ಜನರ ಭಯ, ಅಲ್ಲಿಗೆ 120. ಆ 120 ಜನ ಪರಸ್ಪರ ಹೆದರುತ್ತಾರೆ. ಎಲ್ಲ ಕೂಡಿ ಈ 145 ಮಂದಿಯೂ ಮೇಲಿರುವ 12 ಯಜಮಾನರಿಗೆ ಹೆದರುತ್ತಾರೆ. ಕರ್ನಲ್‌ನ ಸಮವಸ್ತ್ರ ತೆಗೆದು ಸೂಟು ತೊಡಿಸಿದರೆ ಉಳಿಯುವ ಕಾದಂಬರಿ ಇದು. ಮೊದಲನೆಯದರ ನಗುವನ್ನು ನಿರೀಕ್ಷಿಸಿ ತೆರೆದವರಿಗೆ ಉಸಿರು ಕಟ್ಟಿತು. ಕೆಲವರು ಇದನ್ನೇ ಅವನ ಶ್ರೇಷ್ಠ ಕೃತಿ ಎನ್ನುತ್ತಾರೆ. ಅವರ ಮಾತಿನಲ್ಲಿ ಹುರುಳಿದೆ.

ಮುಂದಿನವುಗಳಲ್ಲಿ 1979ರ ‘ಗುಡ್ ಆ್ಯಸ್ ಗೋಲ್ಡ್’ ವಾಷಿಂಗ್ಟನ್ ಹುದ್ದೆಯ ಆಸೆಗೆ ಬಿದ್ದ ಯಹೂದಿ ಪ್ರಾಧ್ಯಾಪಕನ ಕತೆ, ಅಮೆರಿಕದ ವಿದೇಶಾಂಗ ಸಚಿವರಾಗಿದ್ದ ಕಿಸಿಂಜರ್ ಅದರಲ್ಲಿ ಚೆನ್ನಾಗಿ ಗೇಲಿಗೆ ಸಿಕ್ಕಿದ್ದಾರೆ. 1984ರ ‘ಗಾಡ್ ನೋಸ್’ನಲ್ಲಿ ಬೈಬಲ್ಲಿನ ದಾವೀದ ರಾಜ ಮುದಿತನದಲ್ಲಿ ಮಲಗಿ, ದೇವರ ಮೇಲೆ ಮುನಿಸಿಕೊಂಡು, ಬ್ರೂಕ್ಲಿನ್ನಿನ ಮುದುಕನ ಧಾಟಿಯಲ್ಲಿ ತನ್ನ ಕತೆ ಹೇಳುತ್ತಾನೆ. ಫ್ರಾನ್ಸ್ ಅದಕ್ಕೆ ವಿದೇಶಿ ಕಾದಂಬರಿಯ ಮೆಡಿಸಿಸ್ ಪ್ರಶಸ್ತಿ ಕೊಟ್ಟಿತು.

ಆ ಪುಸ್ತಕದ ನಡುವೆ ಅವನ ದೇಹವೇ ಕೈಕೊಟ್ಟಿತ್ತು. 1981ರ ಡಿಸೆಂಬರ್‌ನಲ್ಲಿ ಗಿಲನ್-ಬಾರೆ ಕಾಯಿಲೆ ಬಡಿಯಿತು. ರೋಗ ತಡೆಯಬೇಕಾದ ದೇಹದ ವ್ಯವಸ್ಥೆ ತನ್ನದೇ ನರಗಳ ಮೇಲೆ ಬಿದ್ದು, ದಿನಗಳಲ್ಲೇ ಕೈಕಾಲಿನ ಬಲ ಉಡುಗಿಸುವ ಕಾಯಿಲೆ ಇದು. ಉಸಿರಾಟದ ಸ್ನಾಯುಗಳಿಗೆ ತಗುಲಿದರೆ ಜೀವಕ್ಕೆ ಅಪಾಯ. ಬಹುಪಾಲು ಜನ ಚೇತರಿಸಿಕೊಳ್ಳುತ್ತಾರೆ, ಆದರೆ ತಿಂಗಳುಗಟ್ಟಲೆ ಹಿಡಿಯುತ್ತದೆ. ಹೆಲ್ಲರ್ ನುಂಗಲಾಗದೆ, ತೋಳೆತ್ತಲಾಗದೆ ಮಲಗಿದ. ಅದೇ ಹೊತ್ತಿನಲ್ಲಿ ಶರ್ಲಿಯೊಂದಿಗಿನ ದಾಂಪತ್ಯ ಮುರಿಯುತ್ತಿತ್ತು. ಹಾಸ್ಯ ಸಿನಿಮಾಗಳ ಮೆಲ್ ಬ್ರೂಕ್ಸ್, ‘ಗಾಡ್‌ಫಾದರ್’ ಬರೆದ ಮಾರಿಯೋ ಪೂಜೋರಂಥ ಗೆಳೆಯರು ಆಸ್ಪತ್ರೆಗೆ ಬಂದು ಹೋಗುತ್ತಿದ್ದರು. ಗೆಳೆಯ ಸ್ಪೀಡ್ ವೋಗೆಲ್ ಅವನ ಮನೆ, ಚೆಕ್ಕು, ಪತ್ರಗಳನ್ನೆಲ್ಲ ನೋಡಿಕೊಂಡ. ಇಬ್ಬರೂ ಸೇರಿ ಒಂದೊಂದು ಅಧ್ಯಾಯ ಹಂಚಿಕೊಂಡು ಆ ದಿನಗಳ ಬಗ್ಗೆ ‘ನೋ ಲಾಫಿಂಗ್ ಮ್ಯಾಟರ್’ ಬರೆದರು. ಆರೈಕೆ ಮಾಡಿದ ನರ್ಸ್ ವ್ಯಾಲರಿ ಹಂಫ್ರೀಸ್‌ಳನ್ನು ಹೆಲ್ಲರ್ 1987ರಲ್ಲಿ ಮದುವೆಯಾದ.

ಮೊದಲನೆಯದರಂಥ ಪುಸ್ತಕ ನೀವು ಮತ್ತೆ ಬರೆಯಲಿಲ್ಲವಲ್ಲ ಎಂದು ಸಂದರ್ಶಕರು ಕೆಣಕುತ್ತಿದ್ದರು. ಬೇರೆ ಯಾರು ಬರೆದಿದ್ದಾರೆ ಎಂಬುದು ಅವನ ಸಿದ್ಧ ಉತ್ತರ. 1999ರ ಡಿಸೆಂಬರ್ 12ರಂದು, ನ್ಯೂಯಾರ್ಕ್ ಬಳಿಯ ಈಸ್ಟ್ ಹ್ಯಾಂಪ್ಟನ್‌ನ ಮನೆಯಲ್ಲಿ ಹೃದಯಾಘಾತದಿಂದ ತೀರಿಕೊಂಡ. ಮರುವರ್ಷ ಅಚ್ಚಾದ ಕೊನೆಯ ಕಾದಂಬರಿಯಲ್ಲಿ ಒಬ್ಬ ಮುದಿ ಕಾದಂಬರಿಕಾರ ಕೊನೆಯದಾಗಿ ಒಂದು ಒಳ್ಳೆಯ ಪುಸ್ತಕ ಬರೆಯಲು ಒದ್ದಾಡುತ್ತಾನೆ.

## ಓದುವವರು ಎಡವುವ ಜಾಗಗಳು

‘ಕ್ಯಾಚ್-22’ ಹಿಡಿದ ಬಹಳ ಮಂದಿ ಮೊದಲ ನೂರು ಪುಟಗಳಲ್ಲೇ ಬಿಡುತ್ತಾರೆ. ಕಾರಣಗಳು ಸ್ಪಷ್ಟ. 42 ಅಧ್ಯಾಯಗಳಲ್ಲಿ ಹೆಚ್ಚಿನವಕ್ಕೆ ಒಂದೊಂದು ಪಾತ್ರದ ಹೆಸರಿದೆ, ಆದರೆ ಅಧ್ಯಾಯ ಆ ಪಾತ್ರದ ಬಗ್ಗೆಯೇ ಇರುತ್ತದೆಂಬ ಖಾತ್ರಿಯಿಲ್ಲ. ಕಾಲ ಹಿಂದೆ ಮುಂದೆ ಜಿಗಿಯುತ್ತದೆ. ಒಂದು ಅಧ್ಯಾಯದಲ್ಲಿ ಸತ್ತವನು ಇನ್ನೊಂದರಲ್ಲಿ ಕಾಫಿ ಕುಡಿಯುತ್ತಿರುತ್ತಾನೆ. ವಾಕ್ಯಗಳೂ ಅಷ್ಟೆ: ಮೊದಲರ್ಧ ಕಟ್ಟಿದ್ದನ್ನು ಎರಡನೆಯದು ಕೆಡವುತ್ತದೆ. ಆಸ್ಪತ್ರೆಯ ವಾರ್ಡಿಗೆ ಬಂದ ಟೆಕ್ಸಸ್‌ನವನು ಒಳ್ಳೆಯವನು, ಉದಾರಿ, ಸ್ನೇಹಜೀವಿ, ಹಾಗಾಗಿ ಮೂರು ದಿನಗಳಲ್ಲಿ ಯಾರಿಗೂ ಅವನನ್ನು ಸಹಿಸಲಾಗುವುದಿಲ್ಲ. ಇದನ್ನು ವೇಗವಾಗಿ ಓದಿದರೆ ಏನೂ ದಕ್ಕುವುದಿಲ್ಲ.

ಕಾಲದ ಗೊಂದಲಕ್ಕೆ ಮದ್ದು ಪುಸ್ತಕದಲ್ಲೇ ಇದೆ. ಆ ಗಳಿಗೆಯಲ್ಲಿ ಎಷ್ಟು ಮಿಷನ್ ಬೇಕೆಂದು ಕರ್ನಲ್ ಕೇಳುತ್ತಿದ್ದಾನೆ ಎಂಬ ಸಂಖ್ಯೆಯನ್ನು ಅಂಚಿನಲ್ಲಿ ಗುರುತು ಹಾಕುತ್ತಾ ಹೋಗಿ. 45 ಎಂದಿದ್ದರೆ ಅದು 55ಕ್ಕಿಂತ ಮೊದಲು ನಡೆದದ್ದು, ಅಷ್ಟೆ. ಎರಡನೆಯ ದಾರ ಸ್ನೋಡನ್. ಅವನ ಸಾವು ಶುರುವಿನಲ್ಲೇ ತಮಾಷೆಯ ನಡುವೆ ಒಂದು ಮಾತಿನಲ್ಲಿ ಹಾದುಹೋಗುತ್ತದೆ. ಆಮೇಲೆ ಬಂದಾಗಲೆಲ್ಲ ಇನ್ನೊಂದಿಷ್ಟು ತೆರೆದುಕೊಂಡು, 41ನೇ ಅಧ್ಯಾಯದಲ್ಲಿ ಪೂರ್ತಿ ಕಾಣಿಸುತ್ತದೆ. ಆ ಅಧ್ಯಾಯವನ್ನು ಮೊದಲೇ ತಿರುವಿ ನೋಡಬೇಡಿ, ಅಷ್ಟರ ತನಕ ನಕ್ಕಿದ್ದೆಲ್ಲ ಅಲ್ಲಿ ಬೇರೆ ಬಣ್ಣ ಪಡೆಯುವಂತೆ ಪುಸ್ತಕ ಕಟ್ಟಲಾಗಿದೆ.

ಮುಗಿಸಿದ ಮೇಲೆ ನೇರವಾಗಿ ‘ಸಮ್‌ಥಿಂಗ್ ಹ್ಯಾಪನ್ಡ್’ಗೆ ಹೋಗುವುದು ಒಳ್ಳೆಯದು. ಬಾಲ್ಯ ಮತ್ತು ಕಾರ್ಸಿಕಾದ ನಿಜ ಸಂಗತಿಗಳು ಬೇಕಾದರೆ 1998ರ ಆತ್ಮಕಥನ ‘ನೌ ಅಂಡ್ ದೆನ್’ ಇದೆ. 1994ರ ‘ಕ್ಲೋಸಿಂಗ್ ಟೈಮ್’ ಮುಂದುವರಿದ ಭಾಗ. ಅದರಲ್ಲಿ ಮುದುಕನಾದ ಯೊಸೇರಿಯನ್ ಮೈಲೋನ ಕಂಪನಿಗೇ ಸಲಹೆಗಾರನಾಗಿದ್ದಾನೆ. ಅದನ್ನು ಕೊನೆಗೆ ಓದಿ.